ಮಗಳಿಗೊಂದು ಪತ್ರ: ಕಟ್ಟಡವೂ ಕುರ್ಚಿಯೂ

ಡೊಂಬಿವಲಿ

ಚಿರಂಜೀವಿ ಮೇಧಾಳಿಗೆ ಅಪ್ಪನ ಆಶೀರ್ವಾದಗಳು.

ವಾಸ್ತುಶಿಲ್ಪದ ಪದವಿ ಬಿ.ಆರ್ಕ್. ಮುಗಿದ ಮೇಲೆ ವಿನ್ಯಾಸದ ಉನ್ನತ ಓದಿನ ಪ್ರವೇಶಕ್ಕಿರುವ ಸೀಡ್ ಪರೀಕ್ಷೆ ಬರೆದು ಮುಂಬಯಿ ಪೊವಾಯಿಯ ಐಐಟಿಯಲ್ಲಿ ವಸ್ತು ವಿನ್ಯಾಸ ಓದಬೇಕೆಂದಿದ್ದೇನೆ ಎಂದು ನೀನು ಪುಣೆಯಿಂದ ತಿಳಿಸಿದ ದಿನದಿಂದ ಮನೆಯಲ್ಲಿ ಇದೇ ಮಾತು ನಡೆದಿದೆ. ಐದು ವರ್ಷ ಮನೆ ಕಟ್ಟುವುದನ್ನು ಕಲಿತು ಕೊನೆಗೆ ಕುರ್ಚಿ ಮಾಡಲು ಹೋಗುವುದೇ ಎಂದು ನಿನ್ನ ದೊಡ್ಡಪ್ಪ ಕೇಳಿದರು. ಫೋನಿನಲ್ಲಿ ಅವರೊಡನೆ ವಾದಕ್ಕಿಳಿಯುವ ಮನಸ್ಸಾಗಲಿಲ್ಲ. ಆಗ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಬೇಕೆನಿಸಿದರೆ ಅವರಿಗೂ ಓದಿ ಹೇಳು.

ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನಲ್ಲಿ, ಚಾಲುಕ್ಯರ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ನೀನು ನೋಡಿದ್ದೀಯೆ. ಅಲ್ಲಿನ ಶಾಸನಗಳಲ್ಲಿ ಕಟ್ಟಿದವರ ಹೆಸರುಗಳಿವೆ. ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದನ್ನು ಒಂದು ಶಾಸನ ಹೇಳುತ್ತದೆ. ಇನ್ನೊಂದರಲ್ಲಿ ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಶೆಯ ಸೂತ್ರಧಾರಿ, ಎಂದರೆ ದಕ್ಷಿಣ ದಿಕ್ಕಿನ ವಾಸ್ತುಶಿಲ್ಪಿ, ಎಂದು ಕರೆದು, ವಾಸ್ತು, ಪ್ರಾಸಾದ, ಯಾನ, ಆಸನ, ಶಯನ, ಮಣಿಮಕುಟಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಹೊಗಳಲಾಗಿದೆ. ದೇವಾಲಯದ ಶಿಖರವನ್ನು ಬಲ್ಲವನು ರಥವನ್ನೂ ಪೀಠವನ್ನೂ ಮಂಚವನ್ನೂ ಬಲ್ಲವನಾಗಿದ್ದ. ಅದು ಅವನ ಹೆಚ್ಚುಗಾರಿಕೆಯಾಗಿತ್ತೇ ಹೊರತು ದಾರಿ ತಪ್ಪಿದ್ದಕ್ಕೆ ಗುರುತಾಗಿರಲಿಲ್ಲ. ಹಾಗೆಂದು ಆ ಕಾಲವನ್ನು ನಾನು ಹೊಗಳಿ ಹಾಡಲಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು, ಮಗಳ ಹೆಸರು ಅಲ್ಲಿ ಬರುವ ಸಂಭವವೇ ಇರಲಿಲ್ಲ.

ಈ ವಿದ್ಯೆಯನ್ನು ತರಗತಿಯ ಕೋಣೆಗೆ ತಂದ ಊರುಗಳಲ್ಲಿ ಮುಂಬಯಿಯೇ ಮೊದಲಿನದು. ಜಮ್ಸೆಟ್ಜಿ ಜೀಜೀಭಾಯಿಯವರ ದಾನದಿಂದ 1857ರಲ್ಲಿ ಜೆ.ಜೆ. ಕಲಾಶಾಲೆ ಆರಂಭವಾದಾಗ ಅಲ್ಲಿ ವಾಸ್ತುಶಿಲ್ಪದ ಪದವಿಯೇನೂ ಇರಲಿಲ್ಲ. 1865ರಲ್ಲಿ ಬಂದ ಲಾಕ್‌ವುಡ್ ಕಿಪ್ಲಿಂಗ್ ಕಟ್ಟಡಗಳ ಮೇಲಿನ ಶಿಲ್ಪವನ್ನು ಕಲಿಸುತ್ತಿದ್ದರು. ಕ್ರಾಫರ್ಡ್ ಮಾರುಕಟ್ಟೆಯ ಬಾಗಿಲುಗಳ ಮೇಲಿರುವ ಉಬ್ಬುಶಿಲ್ಪಗಳು ಅವರವೇ. ನಾವು ರೈಲಿನಿಂದ ಇಳಿಯುವ ವಿ.ಟಿ. ನಿಲ್ದಾಣದ ಅಲಂಕಾರದಲ್ಲಿ ಆ ಶಾಲೆಯ ವಿದ್ಯಾರ್ಥಿಗಳ ಕೈಕೆಲಸವಿದೆ. ಮುಂದೆ 1896ರಲ್ಲಿ ಅಲ್ಲಿ ಡ್ರಾಫ್ಟ್ಸ್‌ಮನ್, ಎಂದರೆ ನಕ್ಷೆ ಬರೆಯುವವರ, ತರಗತಿ ಶುರುವಾಯಿತು. ಯೋಚಿಸುವವರು ಬೇರೆ ಇದ್ದರು, ಅವರ ಕಚೇರಿಗಳಿಗೆ ಅಚ್ಚುಕಟ್ಟಾಗಿ ಗೆರೆ ಎಳೆಯುವವರು ಬೇಕಾಗಿದ್ದರು. ಇಂದು ನೀವು ಇಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವ ಶಿಕ್ಷಣದ ಬೇರು ಆ ಗುಮಾಸ್ತಗಿರಿಯ ತರಗತಿಯಲ್ಲಿದೆ ಎಂಬುದು ನನ್ನಂಥ ಡ್ರಾಫ್ಟ್ಸ್‌ಮನ್‌ಗೆ ಸ್ವಲ್ಪ ಸಂತೋಷ ಕೊಡುವ ಸಂಗತಿ ಎಂದರೆ ನೀನು ನಗಬಾರದು.

ಸರ್ಕಾರದ ಸಲಹಾ ವಾಸ್ತುಶಿಲ್ಪಿ ಜಾನ್ ಬೆಗ್ ಅವರು ರೂಪಿಸಿದ ಪಠ್ಯಕ್ರಮದೊಡನೆ 1908ರಲ್ಲಿ ವಾಸ್ತುಶಿಲ್ಪವು ಪೂರ್ಣ ಪ್ರಮಾಣದ ಓದಾಯಿತು. ಅಲ್ಲಿ ಕಲಿತವರು ಸೇರಿ 1917ರಲ್ಲಿ ಒಂದು ವಿದ್ಯಾರ್ಥಿ ಸಂಘ ಕಟ್ಟಿದರು, ಗೇಟ್‌ವೇ ಆಫ್ ಇಂಡಿಯಾದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಅದರ ಮೊದಲ ಅಧ್ಯಕ್ಷರಾದರು. ಆ ಸಂಘವೇ 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಆಯಿತು. 1923ರಿಂದ ವಿಭಾಗವನ್ನು ನಡೆಸಿದ ಕ್ಲಾಡ್ ಬ್ಯಾಟ್ಲಿ, ಲಂಡನ್ನಿನ ಮಾದರಿಗಳನ್ನಷ್ಟೇ ನಕಲು ಮಾಡಿಸದೆ, ಇಲ್ಲಿನ ಹಳೆಯ ಕಟ್ಟಡಗಳನ್ನು ಅಳೆದು ಬರೆಯಲು ಹುಡುಗರನ್ನು ಕಳಿಸುತ್ತಿದ್ದರು. ಕಳೆದ ವರ್ಷ ಪುಣೆಯ ಕಸಬಾ ಪೇಟೆಯ ಹಳೆಯ ವಾಡೆಯಲ್ಲಿ ಟೇಪು ಹಿಡಿದು ನೀವು ಕಂಬದ ತಲೆಯ ಮೇಲಿನ ಬೋದಿಗೆಯ ಒಂದೊಂದು ತಿರುವನ್ನೂ ಅಳೆದದ್ದು ಅದೇ ಅಭ್ಯಾಸದ ಮುಂದುವರಿಕೆ. 1936ರಲ್ಲಿ ಪೆರಿನ್ ಮಿಸ್ತ್ರಿಯವರು ಆ ಶಾಲೆಯಿಂದ ಅರ್ಹತೆ ಪಡೆದು ದೇಶದ ಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದರು. ದಾಸೋಜನ ಮಗಳಿಗೆ ತೆರೆಯದ ಬಾಗಿಲನ್ನು ಶಾಲೆ ತೆರೆಯಿತು. ಶಾಲೆಯ ಮೇಲೆ ನನಗೆ ತಕರಾರುಗಳಿದ್ದರೂ ಈ ಒಂದು ವಿಷಯದಲ್ಲಿ ಅದಕ್ಕೆ ನಮಸ್ಕಾರ.

ತಕರಾರು ಇಷ್ಟೇ: ಶಾಲೆ ಬಂದಂತೆ ಗೆರೆಗಳೂ ಬಂದವು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಎಂಬ ಹೆಸರನ್ನು ಬಳಸಬಹುದು. ಕಾಯ್ದೆ ಕಾಪಾಡುವುದು ಹೆಸರನ್ನೇ ಹೊರತು ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಐಟಿಐ ಪ್ರಮಾಣಪತ್ರದವನಾದ ನಾನು ಫೋರ್ಟಿನ ಕಚೇರಿಯಲ್ಲಿ ಕುಳಿತು ಎಳೆದ ಮೆಟ್ಟಿಲುಗಳ ಮೇಲೆ ಜನ ಇಂದಿಗೂ ಹತ್ತಿ ಇಳಿಯುತ್ತಾರೆ, ಸಹಿ ಮಾತ್ರ ಬೇರೆಯವರದು. ಅದರ ಬಗ್ಗೆ ನನಗೆ ಬೇಸರವಿಲ್ಲ, ಜವಾಬ್ದಾರಿ ಹೊರುವವರ ಸಹಿ ಇರಲೇಬೇಕು. ಆದರೆ ಮಳೆಗಾಲದಲ್ಲಿ ಟ್ರೇಸಿಂಗ್ ಹಾಳೆ ತೇವ ಹೀರಿ ಅಲೆಯಲೆಯಾಗುತ್ತಿತ್ತು, ರಾಟ್ರಿಂಗ್ ಪೆನ್ನಿನ ಶಾಯಿ ಬೇಗ ಒಣಗುತ್ತಿರಲಿಲ್ಲ, ತಪ್ಪಿದ ಗೆರೆಯನ್ನು ಅರ್ಧ ಬ್ಲೇಡಿನಿಂದ ಹೆರೆದು ಉಗುರಿನಿಂದ ಆ ಜಾಗವನ್ನು ನುಣುಪು ಮಾಡಿ ಮತ್ತೆ ಎಳೆಯಬೇಕಿತ್ತು. ಅಷ್ಟು ಹೊತ್ತು ಒಂದೇ ಮೆಟ್ಟಿಲನ್ನು ನೋಡುತ್ತಾ ಕುಳಿತವನಿಗೆ, ಅದು ಮುದುಕರಿಗೆ ಎತ್ತರವಾಯಿತೇ ಎಂಬ ಯೋಚನೆ ತಾನಾಗಿ ಬರುತ್ತದೆ. ಯೋಚಿಸುವವರನ್ನೂ ಗೆರೆ ಎಳೆಯುವವರನ್ನೂ ಬೇರ್ಪಡಿಸಿದ ಆ ಗೋಡೆ ಕಂಪ್ಯೂಟರ್ ಬಂದ ಮೇಲೆ ತಾನಾಗಿ ಕುಸಿಯಿತು. ಜೊತೆಗೆ ನಮ್ಮ ಹುದ್ದೆಯೂ ಬಹುಪಾಲು ಹೋಯಿತು.

ವಿನ್ಯಾಸ ಶಿಕ್ಷಣವಂತೂ ಇನ್ನೂ ಹೊಸದು. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ವರದಿ ಕೊಟ್ಟರು. ಇಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ನಮ್ಮ ಮನೆಮನೆಯ ತಂಬಿಗೆಯನ್ನು ಅವರು ಎತ್ತಿ ಹೇಳಿದ್ದರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ, ಅದಾದ ಮೇಲೆ 1969ರಲ್ಲಿ ನೀನು ಹೋಗಬಯಸುವ ಪೊವಾಯಿ ಐಐಟಿಯ ವಿನ್ಯಾಸ ಶಾಲೆ ಐಡಿಸಿಯೂ ಬಂದವು. ದೊಡ್ಡಪ್ಪನಿಗೆ ಇದನ್ನು ಮರೆಯದೆ ಹೇಳು: ಲೋಕವೆಲ್ಲ ಹೆಸರು ಹೇಳುವ ಕುರ್ಚಿಗಳನ್ನು ಮಾಡಿದ ಆ ಚಾರ್ಲ್ಸ್ ಈಮ್ಸ್ ಕಾಲೇಜಿನಲ್ಲಿ ಓದತೊಡಗಿದ್ದು ವಾಸ್ತುಶಿಲ್ಪವನ್ನೇ, ಮತ್ತು ಅದನ್ನೂ ಅವರು ಪೂರ್ತಿಗೊಳಿಸಲಿಲ್ಲ.

ನೀನು ಮಾತ್ರ ಪೂರ್ತಿಗೊಳಿಸು. ವಿನ್ಯಾಸಕಾರರಿಗೆ ಆರ್ಕಿಟೆಕ್ಟರಂತೆ ಕಾಯ್ದೆಯ ನೋಂದಣಿ ಇಲ್ಲ, ನಿನ್ನ ಪದವಿಗೆ ಇದೆ. ಅಂತಿಮ ಫಲಿತಾಂಶ ಬಂದ ಕೂಡಲೇ ಕೌನ್ಸಿಲ್‌ಗೆ ಅರ್ಜಿ ಹಾಕಿಬಿಡು, ಆಮೇಲೆ ಪೊವಾಯಿಯ ವಿಚಾರ. ಸೀಡ್ ಪರೀಕ್ಷೆ ಜನವರಿಯಲ್ಲಿರುತ್ತದೆ. ಅದರ ಶುಲ್ಕ ಎಷ್ಟೆಂದು ತಿಳಿಸಿದರೆ ಈ ವಾರವೇ ಕಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅಪ್ಪ