ಪೈಲಟ್ ಕೈಗೆ ಮೆಸ್ಸಿನ ಲೆಕ್ಕಪುಸ್ತಕ ಏಕೆ? ಬೀದರ್ ಸಂಸದರಿಗೆ ಒಂದು ಬಹಿರಂಗ ಪತ್ರ

ಬೀದರ್ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರಗಳು.

ಬೀದರ್‌ಗೆ ನಾಗರಿಕ ವಿಮಾನ ಬರುತ್ತದೆಯೇ, ಬಂದದ್ದು ಉಳಿಯುತ್ತದೆಯೇ ಎಂಬ ಚರ್ಚೆ ಜಿಲ್ಲೆಯಲ್ಲಿ ವರ್ಷಗಳಿಂದ ನಡೆದಿದೆ. ಅದೇ ರನ್‌ವೇಯಿಂದ ದಿನವೂ ಮೇಲೇರುವ ವಾಯುಪಡೆಯ ಹಾಕ್ ತರಬೇತಿ ವಿಮಾನಗಳಲ್ಲಿ ಕೂತವರ ಬಗ್ಗೆ ಯಾರೂ ಮಾತಾಡುವುದಿಲ್ಲ. 2008ರಿಂದ ಈಚೆಗೆ ದೇಶದ ಯುದ್ಧವಿಮಾನ ಪೈಲಟ್‌ಗಳು ಹಾಕ್ ಮೇಲೆ ಪಳಗುತ್ತಿರುವುದು ತಮ್ಮ ಊರಿನಲ್ಲಿ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಅದೇ. ಹಾರಬೇಕಾದವರನ್ನು ಕಡತ, ಲೆಕ್ಕಪುಸ್ತಕಗಳ ಮುಂದೆ ಕೂರಿಸುತ್ತಿದ್ದಾರೆ ಎಂಬುದು ನನ್ನ ದೂರು. ಹಾಗಾಗಿ ಈ ಪತ್ರವನ್ನು ರಕ್ಷಣಾ ಸಚಿವರಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ. ಸಚಿವರನ್ನು ಸದನದಲ್ಲಿ ಕೇಳುವ ಅಧಿಕಾರ ತಮಗಿದೆ, ನನಗಿಲ್ಲ.

ನಾನು ಹಾರಿದವನಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಮುಗಿಸಿ ವಾಯುಪಡೆಯ ಗುಮಾಸ್ತನಾಗಿ ದುಡಿದು, ವಾರಂಟ್ ಆಫೀಸರ್ ಆಗಿ ನಿವೃತ್ತನಾದವನು. ಹಾರುವವರ ಮೇಜಿನ ಮೇಲೆ ಎಂತೆಂಥ ಕಾಗದ ಬಂದು ಬೀಳುತ್ತದೆ ಎಂಬುದು ಹಾರುವವರಿಗಿಂತ ನನಗೆ ಚೆನ್ನಾಗಿ ಗೊತ್ತು. ಹೆಚ್ಚಿನವನ್ನು ಟೈಪ್ ಮಾಡಿಟ್ಟವನೇ ನಾನು.

ಒಂದು ಗಂಟೆಯ ಹಾರಾಟಕ್ಕೆ ಅರ್ಧ ದಿನ ಬೇಕೆಂಬುದು ಹೊರಗಿನವರಿಗೆ ತಿಳಿಯದು. ಬೆಳಗಿನ ಹವಾಮಾನ ವಿವರಣೆ, ವೈದ್ಯರ ಮುಂದೆ ರಕ್ತದೊತ್ತಡದ ತಪಾಸಣೆ, ಜೊತೆಗೆ ಹಾರುವವರೊಂದಿಗೆ ಕೂತು ಒಂದೊಂದು ತಿರುವನ್ನೂ ಮಾತಾಡಿಕೊಳ್ಳುವ ಬ್ರೀಫಿಂಗ್, ವಿಮಾನದ ಸ್ಥಿತಿಗತಿ ದಾಖಲಿಸುವ ಫಾರ್ಮ್ 700ಕ್ಕೆ ಸಹಿ, ವಿಮಾನದ ಸುತ್ತ ಒಂದು ಪ್ರದಕ್ಷಿಣೆ, ಆಮೇಲೆ ಹಾರಾಟ. ಇಳಿದ ಮೇಲೆ ರೆಕಾರ್ಡಿಂಗ್ ನೋಡುತ್ತ ತಪ್ಪು ಹೆಕ್ಕುವ ಡಿಬ್ರೀಫಿಂಗ್. ಕಲಿಸುವವರಾದರೆ ಇದರ ಮೇಲೆ ಶಿಷ್ಯನ ಬಗ್ಗೆ ವರದಿ. ಇವುಗಳ ನಡುವೆ ‘ಬಿಡುವಿದ್ದಾಗ’ ಮಾಡಬೇಕಾದದ್ದು ಸೆಕೆಂಡರಿ ಡ್ಯೂಟಿ, ಅಂದರೆ ಮುಖ್ಯ ಕೆಲಸದ ಮೇಲೆ ಹೊರಿಸುವ ಹೆಚ್ಚುವರಿ ಹೊಣೆ: ಮೆಸ್ ಸೆಕ್ರೆಟರಿ, ಕ್ಯಾಂಟೀನ್ ಉಸ್ತುವಾರಿ, ಕ್ರೀಡಾ ಅಧಿಕಾರಿ, ದಾಸ್ತಾನು ಪರಿಶೀಲನಾ ಮಂಡಳಿ, ಕೋರ್ಟ್ ಆಫ್ ಎನ್‌ಕ್ವೈರಿ ಎಂಬ ಆಂತರಿಕ ವಿಚಾರಣಾ ಮಂಡಳಿಯ ಸದಸ್ಯತ್ವ, ಗಣ್ಯರು ಬಂದರೆ ಅವರ ಊಟೋಪಚಾರ.

ನಾನಿದ್ದ ಒಂದು ವಾಯುಪಡೆ ನಿಲ್ದಾಣದಲ್ಲಿ, ಹೆಸರು ಬೇಡ, ಒಬ್ಬ ಫ್ಲೈಟ್ ಲೆಫ್ಟಿನೆಂಟ್ ಮೆಸ್ ಸೆಕ್ರೆಟರಿ ಆಗಿದ್ದರು. ಮಾರ್ಚ್ ತಿಂಗಳ ದಾಸ್ತಾನು ಪರಿಶೀಲನೆಯ ದಿನ ವಿಮಾನದಿಂದ ಇಳಿದವರೇ ನೇರ ಅಲ್ಲಿಗೆ ಬಂದರು. ಕೆನ್ನೆಯ ಮೇಲೆ ಆಕ್ಸಿಜನ್ ಮಾಸ್ಕಿನ ಗುರುತು ಇನ್ನೂ ಇತ್ತು, ಓವರಾಲ್ ಬೆವರಿಗೆ ಬೆನ್ನಿಗಂಟಿತ್ತು. ಚಮಚೆಗಳನ್ನು ಹತ್ತತ್ತರ ಗುಂಪು ಮಾಡಿ ಎಣಿಸಿದರು. ಸೂಪ್ ಚಮಚೆ ಕಡಿಮೆ ಬಿತ್ತು. ಕೊರತೆಗೊಂದು ವಿವರಣೆ, ವಿವರಣೆಗೊಂದು ಆಕ್ಷೇಪಣೆ, ಅದಕ್ಕೆ ಮತ್ತೆ ಉತ್ತರ ಎಂದು ಕಡತ ಸಂಜೆಯವರೆಗೂ ದಪ್ಪವಾಗುತ್ತ ಹೋಯಿತು. ಹಾರುವ ಮುನ್ನ ಸಿಗಬೇಕಾದ ವಿಶ್ರಾಂತಿ ಸಿಗದ ಕಾರಣ ರಾತ್ರಿಯ ಹಾರಾಟದ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿದರು. ನಿಯಮದ ಪ್ರಕಾರ ಅದು ಸರಿಯೇ. ಆದರೆ ಆ ರಾತ್ರಿ ಕಳೆದುಹೋದ ಹಾರಾಟಕ್ಕೆ ಯಾರೂ ವಿವರಣೆ ಕೇಳಲಿಲ್ಲ. ಚಮಚೆಗಷ್ಟೇ ಕೇಳಿದರು!

ಇದು ಕಿರಿಯರ ಕಥೆ. ಹಿರಿಯರದು ಇನ್ನೊಂದು ಬಗೆ. ಸೇನಾಧಿಕಾರಿಗಳ ಬಡ್ತಿಯ ಬಗ್ಗೆ ಎ.ವಿ. ಸಿಂಗ್ ಸಮಿತಿ ಕೊಟ್ಟ ಶಿಫಾರಸು 2004ರ ಕೊನೆಯಲ್ಲಿ ಜಾರಿಯಾದ ಮೇಲೆ 6 ವರ್ಷಕ್ಕೆ ಸ್ಕ್ವಾಡ್ರನ್ ಲೀಡರ್, 13 ವರ್ಷಕ್ಕೆ ವಿಂಗ್ ಕಮಾಂಡರ್ ಆಗುತ್ತಾರೆ. ಬಡ್ತಿ ಬೇಗ ಬಂತು, ಸಂತೋಷ. ಆದರೆ ಮುಂದಿನ ಮೆಟ್ಟಿಲು ಹತ್ತಬೇಕಾದರೆ ವೆಲಿಂಗ್ಟನ್‌ನ ಸ್ಟಾಫ್ ಕಾಲೇಜು, ಅಲ್ಲಿಂದ ದೆಹಲಿಯಲ್ಲೋ ಕಮಾಂಡ್ ಕಚೇರಿಯಲ್ಲೋ ಕಡತ. ಕೈ ಚೆನ್ನಾಗಿ ಪಳಗಿದ ಹೊತ್ತಿಗೆ ಕುರ್ಚಿ ಕರೆಯುತ್ತದೆ. ನಡುವೆ ಅಭ್ಯಾಸ ಬಿಟ್ಟುಹೋಗದಿರಲಿ ಎಂದು ಯಾವುದಾದರೂ ಘಟಕಕ್ಕೆ ಹೋಗಿ ಹಾರಿ ಬರುವ ಅವಕಾಶವುಂಟು. ಆದರೆ ಮಂಜಿನಲ್ಲಿ ಉಪಕರಣಗಳನ್ನಷ್ಟೇ ನಂಬಿ ಇಳಿಯುವುದು, ರಾತ್ರಿ ಇನ್ನೊಂದು ವಿಮಾನದ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುವುದು ಆಗೊಮ್ಮೆ ಈಗೊಮ್ಮೆ ಹೋಗಿ ಬಂದರೆ ಉಳಿಯುವ ವಿದ್ಯೆಯಲ್ಲ.

ನೆಲದ ಕೆಲಸವೇ ಬೇಡ ಎನ್ನುತ್ತಿಲ್ಲ. ನಾಳೆ ನಿಲ್ದಾಣವೊಂದನ್ನು ನಡೆಸಬೇಕಾದವರಿಗೆ ಅಡುಗೆಮನೆಯಿಂದ ಮದ್ದುಗುಂಡಿನ ಉಗ್ರಾಣದವರೆಗೆ ಎಲ್ಲ ಗೊತ್ತಿರಬೇಕು. ವಿಮಾನ ಸುರಕ್ಷತಾ ಅಧಿಕಾರಿಯ ಕುರ್ಚಿಯಲ್ಲಿ ಪೈಲಟ್ ಕೂರುವುದೇ ಸರಿ. ವಿಮಾನಗಳೇ ಕಡಿಮೆ ಇರುವಾಗ ಹಾರಾಟ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಿದರೆ ಅದೂ ನ್ಯಾಯವೇ. ಮಂಜೂರಾದದ್ದು ಯುದ್ಧವಿಮಾನಗಳ 42 ಸ್ಕ್ವಾಡ್ರನ್ (ತುಕಡಿ), 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ವಿದಾಯ ಹೇಳಿದ ಮೇಲೆ ಉಳಿದದ್ದು 29. ಅವುಗಳ ಜಾಗಕ್ಕೆ ಬರಬೇಕಾದ ದೇಶೀಯ ತೇಜಸ್ ತಡವಾದದ್ದಕ್ಕೆ ಪೈಲಟ್ ಹೊಣೆಯಲ್ಲ, ಮೆಸ್ಸೂ ಹೊಣೆಯಲ್ಲ.

ಆದರೆ ಮಹಾಲೇಖಪಾಲರ (ಸಿಎಜಿ) ವರದಿಯನ್ನು ತಾವು ನೋಡಿರಬಹುದು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. 2015ರಲ್ಲಿ 486 ಇದ್ದ ಪೈಲಟ್‌ಗಳ ಕೊರತೆ 2021ರ ಕೊನೆಗೆ 596ಕ್ಕೆ ಏರಿದೆ. ವರ್ಷಕ್ಕೆ 222 ಮಂದಿಯನ್ನು ತರಬೇತಿಗೆ ಸೇರಿಸುವ ಗುರಿ ಮುಟ್ಟಿಲ್ಲ ಎಂದು ಅದು ಹೇಳುತ್ತದೆ. ಇಷ್ಟು ಕೊರತೆಯಿರುವಾಗ ಇರುವವರನ್ನು ಲೆಕ್ಕಪುಸ್ತಕದ ಮುಂದೆ ಕೂರಿಸುವುದು ಯಾವ ಲೆಕ್ಕ? ಆಡಳಿತ, ಲೆಕ್ಕಪತ್ರ, ಲಾಜಿಸ್ಟಿಕ್ಸ್ ಶಾಖೆಗಳು ಇರುವುದಾದರೂ ಏಕೆ? ಐವತ್ತರ ಆಸುಪಾಸಿನಲ್ಲಿ ನಿವೃತ್ತರಾಗಿ ಬ್ಯಾಂಕಿನ ಬಾಗಿಲು ಕಾಯುತ್ತಿರುವ ನಮ್ಮಂಥವರನ್ನು ಗುತ್ತಿಗೆಯ ಮೇಲೆ ಕರೆದರೂ ಕ್ಯಾಂಟೀನ್, ಮೆಸ್, ದಾಸ್ತಾನು ಎಲ್ಲವನ್ನೂ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತೇವೆ. ಇದರಲ್ಲಿ ನನ್ನವರ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ.

ಎರಡನೆಯ ಮಾತು ಹಾರುತ್ತಲೇ ಇರಬಯಸುವವರದು. ಎಲ್ಲರಿಗೂ ಏರ್ ಮಾರ್ಷಲ್ ಆಗುವ ಆಸೆಯಿರುವುದಿಲ್ಲ. ಬ್ರಿಟನ್ನಿನ ವಾಯುಪಡೆಯಲ್ಲಿ ಬಡ್ತಿಯ ಓಟ ಬಿಟ್ಟು ಹಾರಾಟವನ್ನೇ ಹಿಡಿದವರಿಗೆ ಬೇರೆ ವೇತನ ಶ್ರೇಣಿಯಿದೆ. ಅಮೆರಿಕದ ಭೂಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಹೆಚ್ಚಿನವರು ವಾರಂಟ್ ಆಫೀಸರ್‌ಗಳು. (ದರ್ಜೆಯ ಹೆಸರು ನನ್ನದೇ, ಅವರಿಗೆ ಹೆಲಿಕಾಪ್ಟರ್ ಸಿಕ್ಕಿತು, ನನಗೆ ಟೈಪ್‌ರೈಟರ್.) ನಮ್ಮಲ್ಲೂ 26 ವರ್ಷ ಸೇವೆ ಮುಗಿಸಿದವರಿಗೆ ಸೇವಾವಧಿಯ ಆಧಾರದ ಮೇಲೆಯೇ ಗ್ರೂಪ್ ಕ್ಯಾಪ್ಟನ್ ದರ್ಜೆ ಕೊಡುವ ವ್ಯವಸ್ಥೆಯಿದೆ. ಅದರ ಜೊತೆಗೆ ‘ಕೊನೆಯವರೆಗೂ ಕಾಕ್‌ಪಿಟ್’ ಎಂಬ ಆಯ್ಕೆಯನ್ನು ಸೇರಿಸಿದರೆ ಸಾಕು. 2022ರಲ್ಲಿ ಶಸ್ತ್ರ ವ್ಯವಸ್ಥೆಗಳನ್ನು ನಡೆಸುವವರಿಗೆಂದೇ ವೆಪನ್ ಸಿಸ್ಟಮ್ಸ್ ಎಂಬ ಹೊಸ ಶಾಖೆಯನ್ನೇ ತೆರೆದ ವಾಯುಪಡೆಗೆ ಇದು ಮೀರಿದ ಕೆಲಸವಲ್ಲ. ಆಯ್ಕೆ ಸಿಕ್ಕರೆ ಒಳ್ಳೆಯ ಶಿಕ್ಷಕರು ಬೀದರ್‌ನಲ್ಲೇ ಉಳಿದಾರು, ನಾಗರಿಕ ವಿಮಾನ ಕಂಪನಿಗಳ ಕಡೆ ನೋಡುವುದು ಒಂದಿಷ್ಟು ಕಡಿಮೆಯಾದೀತು.

ಮುಂದಿನ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೊಡಿ. ಸಚಿವರು ಎದ್ದು ನಿಂತು ಉತ್ತರಿಸಬೇಕಾಗುತ್ತದೆ, ಪೂರಕ ಪ್ರಶ್ನೆಗೂ ಅವಕಾಶವಿರುತ್ತದೆ. ಹಾರಾಟ ಶಾಖೆಯ ಅಧಿಕಾರಿಗಳಲ್ಲಿ ಎಷ್ಟು ಮಂದಿ ಹಾರಾಟವಿಲ್ಲದ ಹುದ್ದೆಗಳಲ್ಲಿದ್ದಾರೆ? ಆ ಹುದ್ದೆಗಳಲ್ಲಿ ಎಷ್ಟಕ್ಕೆ ನಿಜವಾಗಿಯೂ ಪೈಲಟ್ ಬೇಕು? ‘ರಾಷ್ಟ್ರದ ಭದ್ರತೆಯ ದೃಷ್ಟಿಯಿಂದ ಅಂಕಿಅಂಶ ಬಹಿರಂಗಪಡಿಸಲಾಗದು’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಒಟ್ಟು ಸಂಖ್ಯೆ ಗುಟ್ಟಾಗಿರಲಿ, ಸೆಕೆಂಡರಿ ಡ್ಯೂಟಿಗಳ ಪಟ್ಟಿ ಗುಟ್ಟಲ್ಲ. ಅದನ್ನು ಸದನದ ಮುಂದೆ ಇಡುವಂತೆ ಪೂರಕ ಪ್ರಶ್ನೆಯಲ್ಲಿ ಕೇಳಿ. ಪ್ರಶ್ನೆಯ ಸೂಚನೆಯನ್ನು ಕನಿಷ್ಠ 15 ದಿನ ಮೊದಲೇ ಕೊಡಬೇಕೆಂಬುದು ತಮಗೆ ಗೊತ್ತೇ ಇದೆ. ಕರಡು ಬೇಕಿದ್ದರೆ ಬರೆದುಕೊಡುತ್ತೇನೆ, ಅದು ನನ್ನ ಹಳೆಯ ಕಸುಬು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಾರಂಟ್ ಆಫೀಸರ್, ಭಾರತೀಯ ವಾಯುಪಡೆ