ಹ್ಯಾಂಡ್‌ಬಾಲ್ ಸಿಂಗಲ್ಸ್ ಪಟ್ಟಿ: ತುಂಬುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ.

ಆಲ್-ಐರ್ಲೆಂಡ್ ಸೀನಿಯರ್ ಸಿಂಗಲ್ಸ್ ವಿಜೇತರ ಪಟ್ಟಿಯನ್ನು ಈ ಭಾನುವಾರ ರಾತ್ರಿ 9ಕ್ಕೆ ಮುಚ್ಚುತ್ತೇವೆ. ವರ್ಷ ಹಂಚಿಕೊಂಡವರೆಲ್ಲ ದಯವಿಟ್ಟು ಗಮನಿಸಿ.

ಇದು ಗೋಡೆಗೆ ಕೈಯಿಂದ ಚೆಂಡು ಬಡಿಯುವ ಐರಿಷ್ ಆಟ. ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆಯುವ ಹ್ಯಾಂಡ್‌ಬಾಲ್ ಬೇರೆ. ಆ ಚಿತ್ರ ಹಾಕಬೇಡಿ.

ಹೆಚ್ಚು ಎಡವಟ್ಟಾಗುವುದು ಅಂಕಣದ ವಿಷಯದಲ್ಲಿ. 60 ಅಡಿ ಉದ್ದ, 30 ಅಡಿ ಅಗಲದ ಹಳೆಯ ಅಂಕಣದಲ್ಲೇ ಎರಡು ಪ್ರಶಸ್ತಿಗಳಿವೆ: ರಬ್ಬರಿನ ಮೆದು ಚೆಂಡಿನದು ಒಂದು, ಚರ್ಮ ಹೊದಿಸಿದ ಗಟ್ಟಿ ಚೆಂಡಿನದು ಇನ್ನೊಂದು. 40×20 ಅಡಿಯ ಚಿಕ್ಕ ಅಂಕಣದ್ದು ಮತ್ತೂ ಬೇರೆ. ಒಂದೇ ವರ್ಷಕ್ಕೆ ಇಬ್ಬರು ಮೂವರು "ಚಾಂಪಿಯನ್" ಸಿಗುವುದು ಇದಕ್ಕೇ. ಆದ್ದರಿಂದ ಮೊದಲು ಅಂಕಣ, ಆಮೇಲೆ ಚೆಂಡು, ಕೊನೆಗೆ ಹೆಸರು ಮತ್ತು ಕೌಂಟಿ ಬರೆಯಿರಿ. ಸದ್ಯ ನಮಗೆ ಬೇಕಾದದ್ದು 60×30 ಮೆದು ಚೆಂಡಿನ ಪಟ್ಟಿ ಮಾತ್ರ.

ಸತತ ಗೆಲುವು ಎಣಿಸುವಾಗ ಬರೀ ವರ್ಷ ಕಳೆದರೆ ಒಂದು ಪ್ರಶಸ್ತಿ ತಪ್ಪಿಹೋಗುತ್ತದೆ, ಮೊದಲ ವರ್ಷವೂ ಸೇರಬೇಕು. ರಾಸ್‌ಕಾಮನ್‌ನ ಪ್ಯಾಡಿ ಪೆರಿ 1930ರಿಂದ 1937: 7 ಅಲ್ಲ, 8. ಕಿಲ್ಕೆನಿಯ ಮೈಕೆಲ್ 'ಡಕ್ಸಿ' ವಾಲ್ಷ್ 1985ರಿಂದ 1997: 13. ಅವರ ಒಟ್ಟು ಸಿಂಗಲ್ಸ್ 16. ಎರಡನ್ನೂ ಬೇರೆ ಬೇರೆ ಕಾಲಂಗಳಲ್ಲಿ ಅಲ್ಲ, ಒಂದೇ ಸಾಲಿನಲ್ಲಿ ಬರೆಯಿರಿ. ಇಂಥ ಆಟಗಾರನ ಲೆಕ್ಕ ನಮ್ಮ ಕೈಯಲ್ಲಿ ತಪ್ಪಬಾರದು.

"ಸೀನಿಯರ್" ಅಂದರೆ ಉನ್ನತ ದರ್ಜೆ, ವಯಸ್ಸಲ್ಲ. "ಹಿರಿಯರ" ಎಂದು ಬರೆದಿರುವವರು ತಿದ್ದಿಬಿಡಿ.

ನಿಮ್ಮ ವರ್ಷಗಳು ಮುಗಿದಿದ್ದರೆ "ಆಯ್ತು" ಎಂದು, ಅನುಮಾನವಿದ್ದರೆ ಆ ವರ್ಷವನ್ನಷ್ಟೇ ಶನಿವಾರದೊಳಗೆ ಇಲ್ಲೇ ಹಾಕಿ.