ನರ ಮಾನಿಟರಿಂಗ್ ಇರುವ ಕೇಸುಗಳಲ್ಲಿ ಬಾಯಿಯ ಜಾಗ್ರತೆ

ಓಟಿಯ ಸಿಸ್ಟರ್‌ಗಳು, ಟೆಕ್ನೀಷಿಯನ್ನರು ದಯವಿಟ್ಟು ಪೂರ್ತಿ ಓದಿ.

ಬೆನ್ನುಮೂಳೆ ಆಪರೇಷನ್‌ನಲ್ಲಿ ನರಗಳ ಮೇಲೆ ಕಣ್ಣಿಡಲು ನೆತ್ತಿಯ ಮೇಲಿಂದ ಕರೆಂಟ್ ಕೊಟ್ಟು ಕೈಕಾಲಿನ ಸ್ನಾಯುಗಳ ಪ್ರತಿಕ್ರಿಯೆ ನೋಡುತ್ತಾರಲ್ಲ, ಆಗ ದವಡೆಯ ಸ್ನಾಯುವೂ ಸೆಟೆಯುತ್ತದೆ. ಪ್ರತಿಕ್ರಿಯೆ ಸಿಗಬೇಕಾದ್ದರಿಂದ ಆ ಹೊತ್ತಿಗೆ ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವವೂ ಸಾಮಾನ್ಯವಾಗಿ ಇರುವುದಿಲ್ಲ. ಹಲ್ಲುಗಳು ಅಡಕತ್ತರಿಯ ಹಾಗೆ ಕೂಡಿಕೊಳ್ಳುತ್ತವೆ. ನಡುವೆ ಸಿಕ್ಕ ನಾಲಿಗೆ ಸೀಳುತ್ತದೆ, ತುಟಿ ಹರಿಯುತ್ತದೆ. ಉಸಿರಾಟಕ್ಕೆ ಹಾಕಿದ ಟ್ಯೂಬ್ ಕಚ್ಚಿ ಉಸಿರಿನ ದಾರಿಯೇ ಮುಚ್ಚಬಹುದು.

ಗಾಜ್ ಬಟ್ಟೆಯನ್ನು ಸುರುಳಿ ಮಾಡಿ ಎರಡೂ ಕಡೆ ದವಡೆ ಹಲ್ಲುಗಳ ನಡುವೆ ಇಡಿ, ತುದಿ ಹೊರಗೆ ಕಾಣುತ್ತಿರಲಿ. ಮುಂಭಾಗದಲ್ಲಿ ಗಟ್ಟಿ ಏರ್‌ವೇ (ಬಾಯಲ್ಲಿಡುವ ಪ್ಲಾಸ್ಟಿಕ್ ನಳಿಕೆ) ಒಂದನ್ನೇ ಇಟ್ಟು ಸಾಕು ಅನ್ನಬೇಡಿ. ನಾಲಿಗೆ ಹಲ್ಲಿನಿಂದ ಒಳಗೆ, ನಡುವೆ ಇರಬೇಕು. ಬೋರಲು ಮಲಗಿಸುವಾಗ ಸುರುಳಿ ಜರುಗಬಹುದು, ನಾಲಿಗೆ ಮುಂದೆ ಜಾರಬಹುದು. ತಿರುಗಿಸಿದ ಕೂಡಲೇ ಟಾರ್ಚ್ ಹಾಕಿ ಮತ್ತೊಮ್ಮೆ ನೋಡಿ. ನನ್ನ ಪ್ರಕಾರ ಅತಿ ಮುಖ್ಯವಾದದ್ದು ಇದೇ. ಎಷ್ಟೇ ಅವಸರವಿದ್ದರೂ ಬಿಡಬೇಡಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವವರಲ್ಲಿ ಎಲೆಅಡಿಕೆ ಹಾಕುವವರು ಬಹಳ. ವರ್ಷಗಟ್ಟಲೆ ಅಡಿಕೆ ಅಗಿದು ಬಾಯಿ ಪೂರ್ತಿ ತೆರೆಯಲಾಗದವರು, ಹಲ್ಲು ಅಲುಗಾಡುವವರು ಇರುತ್ತಾರೆ. ಹಿಂದಿನ ದಿನವೇ ವಾರ್ಡಿನಲ್ಲಿ ಬಾಯಿ ತೆಗೆಸಿ ನೋಡಿ, ಅಲುಗಾಡುವ ಹಲ್ಲು ಯಾವುದೆಂದು ಬರೆದಿಟ್ಟು ಅರಿವಳಿಕೆ ಡಾಕ್ಟರಿಗೆ ಹೇಳಿ. ಸುರುಳಿಯ ದಪ್ಪ ಆ ಬಾಯಿಗೆ ತಕ್ಕಂತಿರಲಿ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ತೆಗೆಸಿಡಿ.

ಇಟ್ಟ ಗಾಜ್ ಸುರುಳಿಗಳ ಲೆಕ್ಕ ಬೋರ್ಡಿನ ಮೇಲೆ ಬರೆಯಿರಿ. ಟ್ಯೂಬ್ ತೆಗೆಯುವ ಮುಂಚೆ ಎಣಿಸಿ, ನಾಲಿಗೆ ತುಟಿ ನೋಡಿ ಕೇಸ್‌ಶೀಟಿನಲ್ಲಿ ದಾಖಲಿಸಿ. ಗಾಯ ಕಂಡರೆ ಡಾಕ್ಟರಿಗೆ ತಕ್ಷಣ ತಿಳಿಸಿ, ಮನೆಯವರಿಂದಲೂ ಮುಚ್ಚಿಡಬೇಡಿ.